‘ಲೈನ್’ ಪದಕ್ಕೆ ಎಷ್ಟು ಅರ್ಥ? ಮಕ್ಕಳಿಗೆ ಹೇಗೆ ಹೇಳಿಕೊಡಲಿ?

ಗದಗಿನ ಮಾಸ್ತರ:
ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿ ಹತ್ತಿರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದ ಮಕ್ಕಳು. ಹೋದ ವಾರ ಒಂಬತ್ತನೇ ತರಗತಿಗೆ ಮೂರು ವಾಕ್ಯ ಕೊಟ್ಟು ಕನ್ನಡದಲ್ಲಿ ಬರೆಯಲು ಹೇಳಿದ್ದೆ. ‘ದಿ ಆಕ್ಟರ್ ಫರ್ಗಾಟ್ ಹಿಸ್ ಲೈನ್ಸ್’, ‘ಪ್ಲೀಸ್ ಹೋಲ್ಡ್ ದಿ ಲೈನ್’, ‘ಶಿ ಕಮ್ಸ್ ಫ್ರಮ್ ಎ ಲಾಂಗ್ ಲೈನ್ ಆಫ್ ವೀವರ್ಸ್’. ಮಕ್ಕಳು ಡಿಕ್ಷನರಿ ತೆರೆದು ಮೊದಲು ಕಣ್ಣಿಗೆ ಬಿದ್ದ ಅರ್ಥ ಹಾಕಿದ್ದರು. ‘ನಟನು ತನ್ನ ಗೆರೆಗಳನ್ನು ಮರೆತನು’, ‘ದಯವಿಟ್ಟು ಗೆರೆಯನ್ನು ಹಿಡಿದುಕೊಳ್ಳಿ’, ‘ಅವಳು ನೇಕಾರರ ಉದ್ದ ಸಾಲಿನಿಂದ ಬರುತ್ತಾಳೆ’.

ತಿದ್ದಿ ಹೇಳಿದೆ. ನಾಟಕದಲ್ಲಿ ಲೈನ್ಸ್ ಅಂದರೆ ಮಾತು, ಫೋನಿನಲ್ಲಿ ಹೋಲ್ಡ್ ದಿ ಲೈನ್ ಅಂದರೆ ‘ಇಡಬೇಡಿ, ಲೈನಲ್ಲೇ ಇರಿ’, ಮೂರನೆಯದು ತಲತಲಾಂತರದಿಂದ ನೇಯ್ಗೆ ಮಾಡಿಕೊಂಡು ಬಂದ ಮನೆತನ. ಆಗ ಬೆಟಗೇರಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಮೂರಕ್ಕೂ ಒಂದ ಶಬ್ದ ಯಾಕ ಇಟ್ಟಾರ್ರೀ? ಕರೆಂಟಿಗೂ ಲೈನ್, ರೇಷನ್ ಅಂಗಡಿ ಮುಂದೂ ಲೈನ್, ಕುಬಸದ ಒಳಗೂ ಲೈನಿಂಗ್. ಇವೆಲ್ಲಾ ಒಂದಕ್ಕೊಂದು ಬೀಗರೇನ್ರೀ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಬಾಯಿಪಾಠ ಮಾಡು ಅನ್ನಲು ಮನಸ್ಸು ಬರಲಿಲ್ಲ. ನಾಳೆ ಹೇಳ್ತೀನಿ ಅಂತ ಕೂಡಿಸಿದ್ದೇನೆ, ಆ ನಾಳೆ ಇನ್ನೂ ಬಂದಿಲ್ಲ. ಈ ಅರ್ಥಗಳಿಗೆಲ್ಲ ಒಂದೇ ಬೇರು ಇದೆಯೇ? ನಿಮ್ಮ ಕಡೆ, ನಿಮ್ಮ ಕೆಲಸದಲ್ಲಿ ‘ಲೈನ್’ ಅಂದರೆ ಏನು? ತಿಳಿದವರು ಹೇಳಿ.

ಪದಬೇರು:
ಮಾಸ್ತರ್ರೇ, ಬೀಗರಲ್ಲ, ಒಂದೇ ಹೊಟ್ಟೆಯ ಮಕ್ಕಳು. ಆ ಬೇರು ನಿಮ್ಮ ಎರೆಹೊಲದಲ್ಲೇ ಇದೆ. ನೀವು ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅಗಸಿ ಹಿಂಡಿ ಇದೆಯಲ್ಲ, ಆ ಅಗಸೆ.

ಲ್ಯಾಟಿನ್ನಿನಲ್ಲಿ ಅಗಸೆ ಗಿಡಕ್ಕೆ ‘ಲೀನುಮ್’. ಅದರ ಕಾಂಡದ ನಾರಿನಿಂದ ಹೊಸೆದ ದಾರ ‘ಲೀನೆಯಾ’. ಈ ಲೀನೆಯಾ ಇಂಗ್ಲಿಷಿಗೆ ಎರಡು ದಾರಿಯಲ್ಲಿ ಬಂತು. ಬಹಳ ಹಿಂದೆಯೇ ಹಗ್ಗ ಎಂಬ ಅರ್ಥದಲ್ಲಿ ಹಳೆಯ ಇಂಗ್ಲಿಷಿಗೆ ಸೇರಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕ ಗೆರೆ, ಸಾಲು ಎಂಬ ಅರ್ಥಗಳನ್ನು ಹೊತ್ತು ಮತ್ತೊಮ್ಮೆ ಬಂತು. ಎರಡೂ ಬೆರೆತು ಒಂದೇ ಪದವಾಯಿತು. ಅಗಸೆ ನಾರಿನ ಬಟ್ಟೆ ಲಿನನ್, ಅಗಸೆ ಬೀಜ ಲಿನ್‌ಸೀಡ್, ಅಗಸೆ ಎಣ್ಣೆಯಿಂದ ಮಾಡಿದ ನೆಲಹಾಸು ಲಿನೋಲಿಯಂ, ಎಲ್ಲ ಅದೇ ಬಳಗ. ಸಸ್ಯಶಾಸ್ತ್ರದಲ್ಲಿ ಅಗಸೆಯ ಹೆಸರು ಇವತ್ತಿಗೂ ಲೈನಮ್ ಯುಸಿಟಾಟಿಸಿಮಮ್. ಎರಡನೆಯ ಪದಕ್ಕೆ ‘ತುಂಬ ಉಪಯೋಗಕ್ಕೆ ಬರುವಂಥದ್ದು’ ಎಂದರ್ಥ.

ತರಗತಿಗೆ ಒಂದು ದಾರ ಒಯ್ಯಿರಿ. ಇಬ್ಬರು ಮಕ್ಕಳು ಎಳೆದು ಹಿಡಿಯಲಿ. ಬಿಗಿಯಾಗಿ ಎಳೆದ ದಾರ ನೋಡಲು ಗೆರೆ. ಅದರ ಗುಂಟ ಜನರನ್ನು ನಿಲ್ಲಿಸಿದರೆ ಸಾಲು, ಅಕ್ಷರ ಬರೆದರೆ ಬರಹದ ಸಾಲು. ನಟನಿಗೆ ಹಾಳೆಯ ಮೇಲೆ ಬರೆದು ಕೊಟ್ಟ ಸಾಲುಗಳೇ ಅವನ ಲೈನ್ಸ್. ದಾರದ ಈ ತುದಿ ಮುತ್ತಜ್ಜ, ಆ ತುದಿ ಮೊಮ್ಮಗಳು ಅಂದುಕೊಂಡರೆ ವಂಶ. ದಾರದ ಬದಲು ತಾಮ್ರದ ತಂತಿ ಎಳೆದರೆ ಟೆಲಿಫೋನು. ಗೆರೆ, ಎಳೆ, ಸಾಲು, ತಂತಿ, ಹಗ್ಗ, ಮನೆತನ ಅಂತ ನಾವು ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದೇವೆ, ಅವರು ಒಂದರಲ್ಲೇ ಸಂಸಾರ ನಡೆಸಿದ್ದಾರೆ. ದಾರದಿಂದ ಅರ್ಥ ಬೆಳೆಯುವುದು ನಮಗೂ ಹೊಸದಲ್ಲ. ಸೂತ್ರ ಅಂದರೂ ಮೊದಲು ದಾರವೇ, ಆಮೇಲೆ ನಿಯಮ, ಗಣಿತದ ಸೂತ್ರ, ಸೂತ್ರಧಾರ.

ಕತ್ತರಿ ಕೆಲಸ:
ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ದಿನಕ್ಕೆ ಹತ್ತು ಸಲ ಲೈನಿಂಗ್ ಅನ್ನುತ್ತೇನೆ. ಅದಕ್ಕೂ ಈ ದಾರಕ್ಕೂ ಸಂಬಂಧ ಇದೆಯಾ ಸರ್? ಲೈನಿಂಗ್ ಅನ್ನೋದು ಗೆರೆಯೂ ಅಲ್ಲ, ಸಾಲೂ ಅಲ್ಲ, ಒಳಗಿನ ಬಟ್ಟೆ.

ಪದಬೇರು:
ಇದೆ ಮೇಡಂ, ಅದು ಇನ್ನೂ ಹತ್ತಿರದ ನೆಂಟಸ್ತನ. ಹಿಂದೆ ಯುರೋಪಿನಲ್ಲಿ ಉಣ್ಣೆಯ ದಪ್ಪ ಉಡುಪಿಗೆ ಒಳಗಿನಿಂದ ಅಗಸೆ ನಾರಿನ ಬಟ್ಟೆ ಕೊಟ್ಟು ಹೊಲಿಯುತ್ತಿದ್ದರು. ಲಿನನ್ ಕೊಡುವ ಆ ಕೆಲಸವೇ ‘ಟು ಲೈನ್’, ಕೊಟ್ಟ ಬಟ್ಟೆ ಲೈನಿಂಗ್. ಈಗ ಹತ್ತಿಯದೋ ಪಾಲಿಯೆಸ್ಟರಿನದೋ ಕೊಟ್ಟರೂ ಹೆಸರು ಮಾತ್ರ ಅಗಸೆಯದೇ. ಬ್ರೇಕ್ ಲೈನಿಂಗ್, ಕಾಲುವೆಗೆ ಸಿಮೆಂಟ್ ಲೈನಿಂಗ್ ಅನ್ನುವುದೂ ಇದರಿಂದಲೇ ಬಂದದ್ದು.

ಕತ್ತರಿ ಕೆಲಸ:
ಇದು ಗೊತ್ತಿರಲಿಲ್ಲ. ಮಾಸ್ತರ್ರೇ, ಆ ಹುಡುಗಿಗೆ ಇದನ್ನೂ ಹೇಳಿ. ನಾವು ಕಾಟನ್ ಲೈನಿಂಗನ್ನು ಮೊದಲು ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿಸುತ್ತೇವೆ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ, ಮೇಲಿನ ರೇಷ್ಮೆ ಮುದುಡಿಕೊಳ್ಳುತ್ತದೆ. ಕಣ್ಣಿಗೆ ಬೀಳದಿದ್ದರೂ ಬ್ಲೌಸಿನ ಕೂರುವಿಕೆ ನಿಂತಿರೋದು ಲೈನಿಂಗ್ ಮೇಲೆ.

ರಸಮಟ್ಟ:
ಗಾರೆ ಕೆಲಸದಲ್ಲಿ ಲೈನ್ ಇನ್ನೂ ದಾರವಾಗಿಯೇ ಉಳಿದಿದೆ ಸರ್. ಮೂಲೆಗೆ ಮೂಲೆಗೆ ಮೊಳೆ ಹೊಡೆದು ‘ಲೈನ್ ದಾರ’ ಕಟ್ಟಿ, ಅದಕ್ಕೆ ತಾಗಿಯೂ ತಾಗದ ಹಾಗೆ ಇಟ್ಟಿಗೆ ಕೂರಿಸಬೇಕು. ಇಟ್ಟಿಗೆ ದಾರವನ್ನು ನೂಕಿದರೆ ಮುಂದಿನ ವರಸೆಯೆಲ್ಲ ಸೊಟ್ಟ. ಮೇಸ್ತ್ರಿ ಬೈಯುವುದೂ ‘ಲೈನ್ ಬಿಟ್ಟು ಹೋಗ್ತಿದ್ದೀಯಲ್ಲೋ’ ಅಂತಲೇ. ಇನ್ನೊಂದು ಮಾತು. ನಮ್ಮ ಬಡಗಿಗಳು ಮರ ಅಳೆಯುವಾಗ ‘ಎರಡು ನೂಲು ಕಮ್ಮಿ’, ‘ಒಂದು ನೂಲು ಹೆಚ್ಚು’ ಅನ್ನುತ್ತಾರೆ. ಇಂಚಿನ ಎಂಟನೇ ಒಂದು ಭಾಗ ಒಂದು ನೂಲು. ಇಂಗ್ಲಿಷಲ್ಲೂ ಹೀಗೆ ಇತ್ತಾ?

ಪದಬೇರು:
ಇತ್ತು ಮೇಸ್ತ್ರಿಗಳೇ! ಹಳೆಯ ಇಂಗ್ಲಿಷ್ ಅಳತೆಯಲ್ಲಿ ಇಂಚಿನ ಹನ್ನೆರಡನೇ ಒಂದು ಭಾಗಕ್ಕೆ ‘ಲೈನ್’ ಅನ್ನುತ್ತಿದ್ದರು. ದಾರವನ್ನೇ ಅಳತೆ ಮಾಡಿಕೊಂಡದ್ದು ಇಲ್ಲೂ ಅಲ್ಲೂ ಒಂದೇ. ನಿಮ್ಮ ಮಾತು ಓದಿ ನಿಜವಾಗಿ ಖುಷಿಯಾಯಿತು.

ಟೋಕನ್ ಬಾಲ್:
ನಾನು ಅರಸೀಕೆರೆ ಕಡೆಯವಳು. ಅಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದರು, ಮೀಟರ್ ಗೇಜ್ ಕಾಲದಲ್ಲಿ. ನಮ್ಮ ಮನೆಯಲ್ಲಿ ‘ಲೈನ್’ ಅಂದರೆ ‘ಲೈನ್ ಕ್ಲಿಯರ್’. ಈಗ ಎಲ್ಲರೂ ‘ಸೈಟಿನ ತಕರಾರು ಮುಗೀತು, ಲೈನ್ ಕ್ಲಿಯರ್’, ‘ಮದುವೆಗೆ ಹುಡುಗಿ ಮನೆಯವರು ಒಪ್ಪಿದರು, ಲೈನ್ ಕ್ಲಿಯರ್’ ಅಂತಾರಲ್ಲ, ಆ ಮಾತು ಹುಟ್ಟಿದ್ದು ರೈಲ್ವೇಲಿ.

ಎರಡು ಸ್ಟೇಷನ್ ನಡುವೆ ಒಂದೇ ಹಳಿ. ಈ ಕಡೆಯಿಂದ ಗಾಡಿ ಬಿಡಬೇಕಾದರೆ ಆ ಕಡೆಯವರ ಒಪ್ಪಿಗೆ ಬೇಕು. ಅಪ್ಪನ ಕೋಣೆಯಲ್ಲಿ ಕೆಂಪು ಬಣ್ಣದ ಎತ್ತರದ ಯಂತ್ರ ಇತ್ತು. ಅಪ್ಪ ಗಂಟೆ ಹೊಡೆದು, ಫೋನೆತ್ತಿ ‘ಲೈನ್ ಕ್ಲಿಯರ್ ಕೊಡ್ತೀರಾ’ ಅಂತ ಕೇಳೋರು. ಆ ಕಡೆಯವರು ತಮ್ಮ ಯಂತ್ರದ ಹಿಡಿ ತಿರುಗಿಸಿದರೆ ಮಾತ್ರ ನಮ್ಮ ಯಂತ್ರದಿಂದ ಒಂದು ಉಕ್ಕಿನ ಗುಂಡು ಟಣ್ ಅಂತ ಕೆಳಗೆ ಬೀಳೋದು. ಅದೇ ಟೋಕನ್. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬಳೆ ತರಹದ ದೊಡ್ಡ ರಿಂಗಿಗೆ ಸಿಕ್ಕಿಸಿ ಡ್ರೈವರಿಗೆ ಕೊಡೋರು. ನಿಲ್ಲದ ಗಾಡಿಯಾದರೆ ಪಾಯಿಂಟ್ಸ್‌ಮನ್ ರಿಂಗ್ ಎತ್ತಿ ಹಿಡಿದು ನಿಂತಿರೋರು, ಇಂಜಿನ್ನಿನಿಂದ ತೋಳು ಚಾಚಿ ತಗೊಂಡು ಹೋಗೋರು. ಮುಂದಿನ ಸ್ಟೇಷನ್ನಿನವರು ಆ ಗುಂಡನ್ನು ತಮ್ಮ ಯಂತ್ರಕ್ಕೆ ಹಾಕುವ ತನಕ ಈ ಹಳಿಗೆ ಇನ್ನೊಂದು ಗಾಡಿ ಬರೋ ಹಾಗೇ ಇರಲಿಲ್ಲ.

ಆ ‘ಟಣ್’ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗ್ತಿತ್ತು. ಒಟ್ಟಿನಲ್ಲಿ ಲೈನ್ ಕ್ಲಿಯರ್ ಅಂದರೆ: ದಾರಿ ಖಾಲಿ ಇದೆ, ಗಾಡಿ ಬರಬಹುದು.

ಹನ್ನೊಂದು ಕೆವಿ:
ಅಕ್ಕಾರೆ, ನಿಮ್ಮ ಮಾತಿಗೆ ಅಡ್ಡ ಬರ್ತೀನಿ ಅನ್ಕೋಬ್ಯಾಡ್ರಿ. ನಮ್ಮಲ್ಲಿ ಲೈನ್ ಕ್ಲಿಯರ್ ಅಂದ್ರ ಪೂರಾ ಉಲ್ಟಾ. ನಾನು ರಾಣೆಬೆನ್ನೂರ ಕಡೆ ಪವರ್‌ಮ್ಯಾನ್. ಹುದ್ದೆ ಹೆಸರು ಅದು, ಜನ ಕರೆಯೋದು ಇನ್ನೂ ‘ಕೆಇಬಿ ಲೈನ್‌ಮನ್’ ಅಂತನ. ಕೆಇಬಿ ಹೋಗಿ ಕೆಪಿಟಿಸಿಎಲ್ ಆಗಿದ್ದು 1999ರಾಗ, ಆದರೂ ಊರ ಬಾಯಾಗ ಕೆಇಬಿ ಹೋಗಿಲ್ಲ.

ನಾವು ‘ಎಲ್‌ಸಿ ತಗೊಳ್ಳೋದು’ ಅಂತೀವಿ. ಎಲ್‌ಸಿ ಅಂದ್ರ ಲೈನ್ ಕ್ಲಿಯರ್. ಕಂಬ ಹತ್ತೋಕಿಂತ ಮೊದಲ ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಇಂಥಾ ಫೀಡರ್ (ಸ್ಟೇಷನ್ನಿಂದ ಹೊರಡೋ ಒಂದೊಂದು ಲೈನು) ಎಲ್‌ಸಿ ಕೊಡ್ರಿ ಅಂತ ಕೇಳ್ತೀವಿ. ಆಪರೇಟರ್ ಬ್ರೇಕರ್ ತೆಗೆದು ಕರೆಂಟ್ ಬಂದ್ ಮಾಡಿ, ಟೈಮು, ಹೆಸರು, ಫೀಡರ್ ಪುಸ್ತಕದಾಗ ಬರಕೊಂಡು ಕೊಟ್ಟೀನಿ ಅಂತಾನ. ನಾವಿಲ್ಲಿ ಜಿಓಎಸ್, ಅಂದ್ರ ಕಂಬದ ಮ್ಯಾಲಿನ ದೊಡ್ಡ ಸ್ವಿಚ್, ತೆಗೀತೀವಿ, ಡಿಸ್ಚಾರ್ಜ್ ರಾಡ್ ಹಚ್ಚಿ ಲೈನನ್ನ ನೆಲಕ್ಕ ಜೋಡಿಸಿ ಅರ್ಥ್ ಕೊಡ್ತೀವಿ, ಆಮೇಲೇನ ಹತ್ತೋದು. ನಿಮ್ಮಲ್ಲಿ ಲೈನ್ ಕ್ಲಿಯರ್ ಅಂದ್ರ ಗಾಡಿ ಬರಬಹುದು. ನಮ್ಮಲ್ಲಿ ಲೈನ್ ಕ್ಲಿಯರ್ ಅಂದ್ರ ಕರೆಂಟ್ ಬರಬಾರದು.

ಮಕ್ಕಳಿಗೆ ಹೇಳೋದಾದ್ರ ಇದನ್ನ ಹೇಳ್ರಿ ಸರ್. ಶಬ್ದದ ಅರ್ಥ ತಪ್ಪಿದ್ರ ಮಾರ್ಕ್ಸ್ ಹೋಗ್ತಾವು ಅಂತಾರ. ನಮ್ಮಲ್ಲಿ ಜೀವ ಹೋಗ್ತದ. ಒಂದ ಕಂಬದ ಮ್ಯಾಲೆ ಎರಡು ಫೀಡರ್ ಇರ್ತಾವು ಕೆಲವು ಕಡೆ. ‘ಲೈನ್ ಆಫ್ ಆಗೈತಿ’ ಅಂತ ಕೆಳಗಿನವ್ರು ಕೂಗಿದ್ರು, ಯಾವ ಲೈನ್ ಅಂತ ನಮ್ಮ ಜೊತೆಗಾರ ಕೇಳಲಿಲ್ಲ. ಎಡಗೈ ಮೊಣಕೈತನಕ ತೆಗೀಬೇಕಾತು. ಅವತ್ತಿನಿಂದ ನಾನು ‘ಲೈನ್’ ಅಂತ ಬರೇ ಒಂದ ಶಬ್ದ ಬಾಯಿಂದ ತೆಗೆಯೋದಿಲ್ಲ. ಫೀಡರ್ ಹೆಸರು, ಕಂಬದ ನಂಬರ್ ಸಮೇತ ಹೇಳ್ತೀನಿ, ಎದುರಿನವ್ರ ಬಾಯಿಂದ ವಾಪಸ್ ಹೇಳಸ್ತೀನಿ.

ಟೋಕನ್ ಬಾಲ್:
ಓದಿ ತುಂಬ ಹೊತ್ತು ಸುಮ್ಮನೆ ಕೂತೆ ಅಣ್ಣಾ. ನಿಮ್ಮ ಜೊತೆಗಾರರು ಈಗ ಆರಾಮಾಗಿದ್ದಾರೆ ಅಂದುಕೊಳ್ಳುತ್ತೇನೆ.

ಒಂದು ಕೇಳಲಾ? ಕೆಲಸ ಮುಗಿದ ಮೇಲೆ ಎಲ್‌ಸಿಯನ್ನು ಯಾರು ವಾಪಸ್ ಕೊಡಬೇಕು?

ಹನ್ನೊಂದು ಕೆವಿ:
ಯಾರು ತಗೊಂಡಿರ್ತಾರೋ ಅವರ ಕೊಡಬೇಕು ಅಕ್ಕಾರೆ. ಎಲ್ಲಾರೂ ಕೆಳಗಿಳಿದಾರ ಅಂತ ತಲಿ ಎಣಿಸಿ, ಅರ್ಥ್ ತೆಗೆದು, ಆಮೇಲೆ ‘ಎಲ್‌ಸಿ ರಿಟರ್ನ್’ ಅಂತ ಹೇಳ್ತೀವಿ. ಅಲ್ಲಿತನಕ ದೊಡ್ಡ ಸಾಹೇಬ್ರು ಫೋನ್ ಮಾಡಿದ್ರೂ ಆಪರೇಟರ್ ಲೈನ್ ಚಾರ್ಜ್ ಮಾಡಂಗಿಲ್ಲ, ಅಂದ್ರ ಕರೆಂಟ್ ಬಿಡಂಗಿಲ್ಲ.

ಟೋಕನ್ ಬಾಲ್:
ಹಾಗಾದರೆ ಉಲ್ಟಾ ಅಲ್ಲ, ಒಂದೇ! ಅಪ್ಪ ಗುಂಡನ್ನು ಕೊಟ್ಟ ಗಳಿಗೆಯಿಂದ ಆ ಹಳಿ ಒಬ್ಬ ಡ್ರೈವರಿನದು. ನಿಮ್ಮ ಆಪರೇಟರ್ ಹೆಸರು ಬರೆದುಕೊಂಡ ಗಳಿಗೆಯಿಂದ ಆ ತಂತಿ ನಿಮ್ಮದು. ಗುಂಡು ಯಂತ್ರಕ್ಕೆ ಬೀಳುವ ತನಕ ಇನ್ನೊಂದು ಗಾಡಿ ಇಲ್ಲ, ನೀವು ರಿಟರ್ನ್ ಅನ್ನುವ ತನಕ ಕರೆಂಟ್ ಇಲ್ಲ. ಇಬ್ಬರಿಗೂ ಲೈನ್ ಕ್ಲಿಯರ್ ಅಂದರೆ ‘ಈ ದಾರಿ ಈಗ ನಿನ್ನೊಬ್ಬನ ವಶ’ ಅಂತ.

ಹನ್ನೊಂದು ಕೆವಿ:
ಹೌದ್ರೀ. ಹದಿನೆಂಟು ವರ್ಷ ಎಲ್‌ಸಿ ತಗೊಂಡೀನಿ, ಹಿಂಗ ಯಾರೂ ಬಿಡಿಸಿ ಹೇಳಿರಲಿಲ್ಲ.

ಪದಸಂಗಾತಿ:
ಎಲ್ಲರ ಮಾತೂ ಚೆನ್ನಾಗಿದೆ, ಆದರೆ ಮಾಸ್ತರ್ರಿಗೆ ಒಂದು ಎಚ್ಚರಿಕೆ. ನಾನೂ ಇಂಗ್ಲಿಷ್ ಕಲಿಸಿದವನು. ಬೇರು ತಿಳಿದರೆ ಸಂತೋಷ, ಬಳಕೆ ಬರುವುದಿಲ್ಲ. ಅಗಸೆಯ ಕತೆ ಗೊತ್ತಿದ್ದ ಮಾತ್ರಕ್ಕೆ ‘ಬಾಟಮ್ ಲೈನ್’ ಅಂದರೆ ಲೆಕ್ಕಪತ್ರದ ಕೊನೆಯ ಸಾಲಿನಲ್ಲಿ ಬರುವ ಲಾಭ-ನಷ್ಟ, ಅದರಿಂದ ‘ಕಡೆಗೂ ಮುಖ್ಯವಾದ ಮಾತು’ ಅನ್ನುವ ಅರ್ಥ ಬಂತು ಅಂತ ಯಾವ ಮಗುವಿಗೂ ಹೊಳೆಯುವುದಿಲ್ಲ. ಪಕ್ಕದ ಪದದ ಜೊತೆ ಕಲಿಸಿ. ‘ಹೋಲ್ಡ್’ ಜೊತೆ ಬಂದರೆ ಫೋನು. ‘ಫರ್ಗಾಟ್’ ಜೊತೆ ಬಂದರೆ ನಾಟಕ. ‘ಡ್ರಾಪ್ ಮಿ ಎ ಲೈನ್’ ಅಂದರೆ ಎರಡು ಸಾಲು ಬರೆದು ಹಾಕು. ‘ಟೋ ದಿ ಲೈನ್’ ಅಂದರೆ ಕಾಲ್ಬೆರಳನ್ನು ಗೆರೆಗೆ ತಾಗಿಸಿ ನಿಲ್ಲುವುದು, ಹೇಳಿದಂತೆ ಕೇಳುವುದು. ಇಲ್ಲಿ ಟೋ ಕಾಲ್ಬೆರಳು, ಕೆಟ್ಟು ನಿಂತ ಗಾಡಿಯನ್ನು ಎಳೆಯುವ ಟೋ ಅಲ್ಲ. ಓದಿದವರೂ ಇಲ್ಲಿ ಎಡವುತ್ತಾರೆ.

ಪದಬೇರು:
ಒಪ್ಪಿದೆ ಸರ್. ಬೇರು ನೋಡಿ ಹಣ್ಣಿನ ರುಚಿ ಹೇಳಲಾಗದು. ಆದರೆ ಆ ಹುಡುಗಿ ಕೇಳಿದ್ದು ಬಳಕೆಯನ್ನಲ್ಲ, ಯಾಕೆ ಅಂತ. ಅದಕ್ಕೂ ಉತ್ತರ ಸಿಗಬೇಕು.

ಕಾಫಿ ಹೂವು:
ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಕೊಡಗಿನ ಎಸ್ಟೇಟ್ ಒಂದರ ಲೈನಿನಲ್ಲಿ ಹುಟ್ಟಿದವಳು. ಅಲ್ಲಿ ಲೈನ್ ಅಂದರೆ ಮನೆ. ಒಂದೇ ಉದ್ದ ಮಾಡು, ಕೆಳಗೆ ಗೋಡೆಗೆ ಗೋಡೆ ತಾಗಿಸಿ ಹತ್ತು ಮನೆ. ಪ್ರತಿ ಮನೆಗೂ ಒಂದು ಕೋಣೆ, ಒಂದು ಅಡುಗೆ ಜಾಗ. ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಆಚೆ ಮನೆಯ ಮಗು ಕೆಮ್ಮಿದರೆ ಈಚೆ ಮನೆಯಲ್ಲಿ ಅವ್ವ ಎದ್ದು ಕೂರುತ್ತಿದ್ದಳು. ‘ಲೈನಿಗೆ ಹೋಗ್ತೀನಿ’ ಅಂದರೆ ಮನೆಗೆ ಹೋಗ್ತೀನಿ ಅಂತ. ಮೇಲಿನ ಲೈನ್, ಕೆಳಗಿನ ಲೈನ್, ಅದೇ ನಮ್ಮ ವಿಳಾಸ.

ಶಾಲೆಯಲ್ಲಿ ನಮ್ಮನ್ನು ‘ಲೈನ್ ಮಕ್ಕಳು’ ಅನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ಬಾಯಲ್ಲಿ ಇರಲಿಲ್ಲ. ಬಹಳ ವರ್ಷ ನಾನು ಆ ಪದವನ್ನು ಬಾಯಿಂದ ಆಡಲಿಲ್ಲ, ಊರು ಕೇಳಿದರೆ ಮಡಿಕೇರಿ ಅಂತ ಅಷ್ಟೇ ಹೇಳುತ್ತಿದ್ದೆ. ಲೈನ್ ಮನೆ ಅನ್ನುವ ಮಾತು ಎಲ್ಲಿಂದ ಬಂತು ಅಂತ ಯಾರಾದರೂ ಹೇಳುತ್ತೀರಾ?

ಪದಬೇರು:
ಬರೆದದ್ದು ಒಳ್ಳೆಯದಾಯಿತು ತಂಗೀ. ಅದು ಬ್ರಿಟಿಷರ ದಂಡಿನ ಮಾತು. ಕಂಟೋನ್ಮೆಂಟಿನಲ್ಲಿ ಸಿಪಾಯಿಗಳ ಗುಡಿಸಲುಗಳನ್ನು ಸಾಲಾಗಿ ಕಟ್ಟಿಸಿ ‘ಲೈನ್ಸ್’ ಅನ್ನುತ್ತಿದ್ದರು. ಉತ್ತರ ಭಾರತದ ಊರುಗಳಲ್ಲಿ ಸಿವಿಲ್ ಲೈನ್ಸ್, ಪೊಲೀಸ್ ಲೈನ್ಸ್ ಅಂತ ಬಡಾವಣೆಗಳು ಇವತ್ತಿಗೂ ಇವೆ. ತೋಟ ಮಾಡಿದವರು ಕೆಲಸದವರಿಗೆ ಅದೇ ಮಾದರಿಯಲ್ಲಿ ಮನೆ ಕಟ್ಟಿಸಿದರು, ಹೆಸರೂ ಜೊತೆಗೇ ಬಂತು. ಶ್ರೀಲಂಕಾದ ಟೀ ತೋಟಗಳಲ್ಲಿಯೂ ಲೈನ್ ಅಂತಲೇ ಅನ್ನುತ್ತಾರೆ. ಒಂದು ಮಾತು ಗಮನಿಸಿ: ಸಿವಿಲ್ ಲೈನ್ಸಿನಲ್ಲಿ ಇದ್ದವರು ದೊಡ್ಡ ಬಂಗಲೆಗಳ ಅಧಿಕಾರಿಗಳು. ಅಲ್ಲಿ ಆ ಪದ ದೊಡ್ಡಸ್ತಿಕೆ, ನಿಮ್ಮ ಶಾಲೆಯಲ್ಲಿ ಅದೇ ಪದ ಚುಚ್ಚುಮಾತು. ಪದದ ತಪ್ಪಲ್ಲ ಅದು.

ಕಾಫಿ ಹೂವು:
ಧನ್ಯವಾದ ಅಣ್ಣಾ. ಅವ್ವ ಈಗಲೂ ಕೆಳಗಿನ ಲೈನಿನಲ್ಲೇ ಇದ್ದಾಳೆ. ಹಬ್ಬಕ್ಕೆ ಹೋದಾಗ ಇದನ್ನು ಅವಳಿಗೆ ಹೇಳಬೇಕು.

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿಗೆ ಬಂದ ಹೊಸದರಲ್ಲಿ ಬ್ಯಾಂಕಿನಲ್ಲಿ ‘ಈಸ್ ದಿಸ್ ದಿ ಕ್ಯೂ?’ ಅಂತ ಕೇಳಿದೆ. ಆಕೆಗೆ ಅರ್ಥವಾಗಲಿಲ್ಲ. ಕ್ಯೂ ಬ್ರಿಟಿಷರದು, ಫ್ರೆಂಚಿನಲ್ಲಿ ಬಾಲ ಅಂತ ಅರ್ಥ. ಅಮೆರಿಕದವರಿಗೆ ಅದು ಲೈನ್. ‘ಸ್ಟ್ಯಾಂಡ್ ಇನ್ ಲೈನ್’ ಅನ್ನುತ್ತಾರೆ, ನ್ಯೂಯಾರ್ಕಿನ ಹಳಬರು ‘ಆನ್ ಲೈನ್’ ಅನ್ನುತ್ತಾರೆ, ಇಂಟರ್‌ನೆಟ್ಟಿಗೆ ಏನೂ ಸಂಬಂಧವಿಲ್ಲ. ನಮ್ಮೂರಿನಲ್ಲಿ ಕ್ಯೂ, ಲೈನ್ ಎರಡೂ ನಡೆಯುತ್ತವೆ.

ಗದಗಿನ ಮಾಸ್ತರ:
ನಮ್ಮ ಕಡೆ ಮೂರನೆಯದೂ ಇದೆ ಸರ್. ‘ಪಾಳೆ ಹಚ್ಚು’ ಅನ್ನುತ್ತೇವೆ. ಹಿರಿಯರ ಬಾಯಲ್ಲಿ ಇನ್ನೂ ಇದೆ. ಮಕ್ಕಳು ಮಾತ್ರ ಲೈನಿಗೆ ಬಂದುಬಿಟ್ಟಿದ್ದಾರೆ, ನನಗೆ ಅದೊಂದು ಬೇಸರ.

ಕಡಲತಡಿ:
ದಕ್ಷಿಣ ಕನ್ನಡದಲ್ಲಿ ‘ಲೈನ್ ಸೇಲ್’ ಉಂಟು. ವ್ಯಾನಿನಲ್ಲಿ ಬಿಸ್ಕೆಟ್, ಬೇಕರಿ ಸಾಮಾನು ತುಂಬಿ ಅಂಗಡಿ ಅಂಗಡಿಗೆ ಹಾಕುವ ಕೆಲಸ. ‘ಅವ ಇವತ್ತು ಲೈನಿಗೆ ಹೋಗಿದ್ದಾನೆ’ ಅಂದರೆ ಅದೇ. ಬೇರೆ ಕಡೆಯವರಿಗೆ ಗೊತ್ತಾಗುವುದಿಲ್ಲ.

ಸುದ್ದಿಮನೆ:
ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಹೆಡ್‌ಲೈನ್, ಬೈಲೈನ್, ಡೇಟ್‌ಲೈನ್, ಎಲ್ಲ ನಮ್ಮ ದಿನದ ಅನ್ನ. ಮಕ್ಕಳಿಗೆ ‘ಡೆಡ್‌ಲೈನ್’ ಬಗ್ಗೆ ಹೇಳಿ ಮಾಸ್ತರ್ರೇ. ಅದೂ ಒಂದು ಕಾಲದಲ್ಲಿ ನಿಜವಾದ ಗೆರೆಯೇ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳ ಶಿಬಿರ ಮಾಡಿದರು. ಸುತ್ತ ಮರದ ದಿಮ್ಮಿಗಳ ಎತ್ತರದ ಗೋಡೆ. ಗೋಡೆಯಿಂದ ಒಳಗೆ ಒಂದಷ್ಟು ಅಡಿ ದೂರದಲ್ಲಿ ಗಿಡ್ಡ ಗೂಟ ನೆಟ್ಟು, ಮೇಲೆ ಪಟ್ಟಿ ಹೊಡೆದು ಒಂದು ಬೇಲಿ. ಅದನ್ನು ದಾಟಿದವರಿಗೆ ಮೇಲಿನ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಅದೇ ಡೆಡ್ ಲೈನ್. ಹದಿನಾಲ್ಕು ತಿಂಗಳಲ್ಲಿ ಅಲ್ಲಿಗೆ ಬಂದ ಸುಮಾರು 45,000 ಕೈದಿಗಳಲ್ಲಿ ಹತ್ತಿರಹತ್ತಿರ 13,000 ಮಂದಿ ಸತ್ತರು, ಹೆಚ್ಚಿನವರು ರೋಗ ಮತ್ತು ಹಸಿವಿನಿಂದ. ಪತ್ರಿಕೆಗಳು ಆ ಪದವನ್ನು ಕೊನೆಯ ಗಡುವು ಅನ್ನುವ ಅರ್ಥಕ್ಕೆ ತಂದುಕೊಂಡದ್ದು ಆಮೇಲೆ, 20ನೇ ಶತಮಾನದಲ್ಲಿ. ಇದು ತಿಳಿದ ಮೇಲೆ ನಾನು ‘ಗಡುವು’ ಅಂತಲೇ ಬರೆಯುತ್ತೇನೆ. ಕನ್ನಡದ ಆ ಪದ ಸಾಕು.

ಪದಬೇರು:
ಕೊನೆಯದಾಗಿ ಒಂದು, ಹೊಲದ ಮಾತು ಬಂದಿದೆ ಅಂತ. ಕನ್ನಡದಲ್ಲಿ ನೇಗಿಲು ಹೊಡೆದದ್ದೂ ಸಾಲು, ಪದ್ಯದ್ದೂ ಸಾಲು. ಇಂಗ್ಲಿಷಿನಲ್ಲಿ ಪದ್ಯಕ್ಕೆ ‘ವರ್ಸ್’ ಅನ್ನುತ್ತಾರಲ್ಲ, ಅದರ ಲ್ಯಾಟಿನ್ ಮೂಲ ‘ವೆರ್ಸುಸ್’ ಅಂದರೆ ತಿರುವು, ನೇಗಿಲ ಸಾಲು, ಬರಹದ ಸಾಲು. ಎತ್ತು ಹೊಲದ ಅಂಚಿಗೆ ಹೋಗಿ ತಿರುಗಿದ ಹಾಗೆ ಪದ್ಯವೂ ಸಾಲಿನ ತುದಿಗೆ ಹೋಗಿ ತಿರುಗುತ್ತದೆ. ಇದು ನಿಮ್ಮ ರೈತರ ಮಕ್ಕಳಿಗೆ.

ಗದಗಿನ ಮಾಸ್ತರ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಮನ್ನಿಸಿ. ತಡಕ್ಕೆ ಕಾರಣ ಅಗಸಿ.

ನಮ್ಮಲ್ಲಿ ಬಿಳಿಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಅಗಸಿ ಹಾಕುತ್ತಾರೆ. ಒಬ್ಬ ಹುಡುಗ ಅವರ ಹೊಲದಿಂದ ಒಣಗಿದ ಅಗಸಿ ಗಿಡ ಬೇರುಸಹಿತ ಕಿತ್ತು ಒಂದು ಕಟ್ಟು ತಂದ. ಶಾಲೆಯ ಹಿಂದಿನ ಹಳೆಯ ಬಕೆಟ್ಟಿನಲ್ಲಿ ಒಂಬತ್ತು ದಿನ ನೆನೆಹಾಕಿದೆವು. ವಾಸನೆ ಬಹಳ ಬಂತು, ಹೆಡ್‌ಮಾಸ್ತರು ತಾಳಿಕೊಂಡರು. ಒಣಗಿಸಿ, ಕಾಂಡವನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ಜಜ್ಜಿದೆವು. ಒಳಗಿನ ಕಡ್ಡಿ ಪುಡಿಯಾಗಿ ಉದುರಿತು, ಬೂದು ಬಣ್ಣದ ನಾರು ಕೈಯಲ್ಲಿ ಉಳಿಯಿತು. ನಮ್ಮದು ಕಾಳಿಗಾಗಿ ಬೆಳೆಯುವ ಗಿಡ್ಡ ತಳಿ, ನಾರಿಗೆ ಬೆಳೆಯುವ ಉದ್ದ ತಳಿಯಲ್ಲ, ಹಾಗಾಗಿ ಗೇಣುದ್ದಕ್ಕೆ ಹರಿಯುತ್ತಿತ್ತು. ಪ್ರಶ್ನೆ ಕೇಳಿದ ಹುಡುಗಿಯೇ ಮುಂದೆ ಬಂದು, ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದು, ತುದಿಗೆ ತುದಿ ಸೇರಿಸಿ ಎರಡು ಮೊಳ ದಾರ ಮಾಡಿದಳು. ಅವಳ ಅಜ್ಜಿ ಹರಿದ ಎಳೆ ಸೇರಿಸುವುದು ಹೀಗೆಯೇ ಅಂತೆ. ಕರಿಹಲಗೆಯ ಎರಡು ಮೊಳೆಗೆ ಅದನ್ನು ಬಿಗಿದು ಕಟ್ಟಿ, ಅದರ ಕೆಳಗೆ ‘ಲೈನ್’ ಅಂತ ಬರೆದೆ. ಪದಸಂಗಾತಿ ಸರ್ ಹೇಳಿದ ಹಾಗೆ ಪಕ್ಕದ ಪದಗಳನ್ನೂ ಬರೆಸಿದೆ, ಎರಡು ಹಲಗೆ ತುಂಬಿತು. ಕಾಫಿ ಹೂವು ತಂಗಿಯ ಮನೆಯ ಅರ್ಥವನ್ನು ಎಲ್ಲಕ್ಕಿಂತ ಮೇಲೆ ಬರೆದೆ.

ಆಮೇಲೆ ಅದೇ ಮೂರು ವಾಕ್ಯ ಮತ್ತೆ ಕೊಟ್ಟೆ. ‘ಲಾಂಗ್ ಲೈನ್ ಆಫ್ ವೀವರ್ಸ್’ಗೆ ನಾನು ಹೇಳಿಕೊಟ್ಟದ್ದನ್ನು ಅವಳು ಬರೆಯಲಿಲ್ಲ. ‘ಅವಳದು ನೇಕಾರಿಕೆಯ ಎಳೆ ಹರಿಯದ ಮನೆತನ’ ಅಂತ ಬರೆದಿದ್ದಾಳೆ. ನನ್ನ ವಾಕ್ಯಕ್ಕಿಂತ ಚೆನ್ನಾಗಿದೆ. ಪೂರ್ತಿ ಅಂಕ ಕೊಟ್ಟಿದ್ದೇನೆ.

ಹನ್ನೊಂದು ಕೆವಿ ಅಣ್ಣನವರಿಗೆ ಒಂದು ವಿನಂತಿ. ಎಲ್‌ಸಿ ವಿಷಯ ಹೇಳಿದಾಗಿನಿಂದ ಮಕ್ಕಳು ನಿಮ್ಮನ್ನು ನೋಡಬೇಕು ಅನ್ನುತ್ತಿದ್ದಾರೆ. ರಾಣೆಬೆನ್ನೂರಿಂದ ದೂರವಾಗುತ್ತದೆ, ಆದರೂ ಒಂದು ಶನಿವಾರ ಬರಲು ಆದೀತೇ?

ಹನ್ನೊಂದು ಕೆವಿ:
ಬರ್ತೀನ್ರಿ ಸರ್. ಬರೋ ಶನಿವಾರ ಡ್ಯೂಟಿ ಐತಿ, ಅದರ ಮುಂದಿನ ಶನಿವಾರ ಇಟ್ಕೊಳ್ರಿ. ಎಲ್‌ಸಿ ಪುಸ್ತಕ ಆಫೀಸ್ ಬಿಟ್ಟು ತರಂಗಿಲ್ಲ. ಹಳೇದೊಂದು ಡಿಸ್ಚಾರ್ಜ್ ರಾಡ್ ಐತಿ, ಅದನ್ನ ತರ್ತೀನಿ. ನನ್ನ ಜೊತೆಗಾರನ್ನೂ ಕರಕೊಂಡ ಬರ್ಲೇನ್ರಿ? ಕೇಳಿದೆ, ಬರ್ತೀನಿ ಅಂದಾನ.